ಛಾಯಾಚಿತ್ರದ ಕಾಗದಪ್ರತಿಗಳಲ್ಲಿ ಉಷ್ಣ ಮತ್ತು ಕಾಲದ ನಿಯಮ

ಛಾಯಾಚಿತ್ರವನ್ನು ಬೆಳಕೇ ಬರೆಯುತ್ತದೆಂದು ಲೋಕದಲ್ಲಿ ಹೇಳುವ ವಾಡಿಕೆಯುಂಟು. ಈ ಮಾತು ಅರ್ಧ ಮಾತ್ರ ನಿಜ. ಬೆಳಕು ಬೆಳ್ಳಿಯ ಲವಣದ ಕಣಗಳಲ್ಲಿ ಉಂಟುಮಾಡುವ ಮಾರ್ಪಾಡು ಕಣ್ಣಿಗೆ ಕಾಣತಕ್ಕದ್ದಲ್ಲ. ಆ ಅವ್ಯಕ್ತ ಬಿಂಬವನ್ನು ವ್ಯಕ್ತಪಡಿಸುವುದು ಕತ್ತಲೆಕೋಣೆಯಲ್ಲಿ ಅನಂತರ ಅದಕ್ಕೆ ತಗಲುವ ಒಂದು ದ್ರವ. ಡೆವಲಪರ್ ಎಂದು ಕುಶಲಿಗಳು ಕರೆಯುವ ಈ ದ್ರವಕ್ಕೆ ಇಲ್ಲಿ ವ್ಯಂಜಕವೆಂಬ ಹೆಸರನ್ನು ಇಟ್ಟುಕೊಂಡಿದೆ. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಈ ಹೆಸರಿನ ಔಚಿತ್ಯವು ಹೊಳೆಯದೆ ಇರದು. ವ್ಯಂಜಕವು ಇಲ್ಲದ ಅರ್ಥವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ತೋರಿಸುತ್ತದೆ. ಈ ದ್ರವವೂ ಹಾಗೆಯೇ ಬೆಳಕು ತಾಗಿದ ಕಣವನ್ನು ಕಪ್ಪು ಬೆಳ್ಳಿಯಾಗಿ ಮಾಡಿ, ತಾಗದುದನ್ನು ಇದ್ದಂತೆ ಬಿಡುತ್ತದೆ. ಆದರೆ ಹೆಚ್ಚು ಹೊತ್ತು ಬಿಟ್ಟರೆ, ಇಲ್ಲವೆ ಹೆಚ್ಚು ಕಾಯಿಸಿದರೆ, ತಾಗದ ಕಣಗಳನ್ನೂ ಕಪ್ಪಾಗಿಸಿ ಚಿತ್ರಕ್ಕೆಲ್ಲ ಮಂಜು ಕವಿಸುತ್ತದೆ. ಉಪಮೆಯು ಇಲ್ಲಿಗೆ ನಿಲ್ಲುತ್ತದೆ. ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ನಿರ್ಣಯಿಸತಕ್ಕದ್ದು ನುರಿತ ಕಣ್ಣೋ, ಅಥವಾ ಗಡಿಯಾರ ಉಷ್ಣಮಾಪಕಗಳೋ? ಈ ಪ್ರಶ್ನೆಯ ಮೇಲೆ ನಡೆದ ವಾದವು ಕತ್ತಲೆಕೋಣೆಯ ಬಾಗಿಲನ್ನು ದಾಟಿ, ಛಾಯಾಚಿತ್ರವು ಕಲೆಯೇ ಅಲ್ಲವೇ ಎಂಬ ವಿವಾದದವರೆಗೂ ಹೋಯಿತು.

ಉಷ್ಣಮಾಪಕವು ಈ ವಿದ್ಯೆಗೆ ಹೊಸದಾಗಿ ಬಂದುದಲ್ಲ. ೧೮೩೯ರಲ್ಲಿ ಫ್ರಾನ್ಸಿನ ಡಾಗೇರನು ತನ್ನ ವಿಧಾನವನ್ನು ಪ್ರಕಟಿಸಿದಾಗ, ಬೆಳ್ಳಿಯ ತಗಡಿನ ಮೇಲೆ ಬಿಂಬವನ್ನು ತೋರಿಸುವುದಕ್ಕೆ ಪಾದರಸದ ಆವಿಯನ್ನು ಉಪಯೋಗಿಸಿದನು. ಅದಕ್ಕಾಗಿ ಮಾಡಿಸಿದ ಪೆಟ್ಟಿಗೆಯ ಪಕ್ಕದಲ್ಲಿ ಉಷ್ಣಮಾಪಕವೊಂದಿದ್ದಿತು. ಪಾದರಸವು ೬೦ ಡಿಗ್ರಿಗೆ ಬಂದಾಗ ದೀಪವನ್ನು ತೆಗೆಯಬೇಕು, ೭೫ನ್ನು ಮೀರಗೊಡಬಾರದು ಎಂದು ಅವನ ಕೈಪಿಡಿಯ ವಿಧಿ. ಅದೇ ಪೆಟ್ಟಿಗೆಗೆ ಹಳದಿಯ ಗಾಜಿನ ಒಂದು ಕಿಂಡಿಯೂ ಇದ್ದಿತು. ಬಿಂಬ ಏಳುವುದನ್ನು ಅದರ ಮೂಲಕ ನೋಡುತ್ತಿರಬೇಕು. ಮುಂದೆ ಪರಸ್ಪರ ವೈರಿಗಳಾದ ಎರಡು ಪ್ರಮಾಣಗಳು ಮೊದಲ ಪೆಟ್ಟಿಗೆಯಲ್ಲಿ ಒಟ್ಟಿಗೆ ಇದ್ದುವು.

ಆದರೆ ಡಾಗೇರನ ತಗಡಿನಿಂದ ಪ್ರತಿಗಳನ್ನು ತೆಗೆಯುವಂತಿರಲಿಲ್ಲ. ಒಂದು ಮೂಲದಿಂದ ಅನೇಕ ಪ್ರತಿಗಳೆಂಬ ಕ್ರಮವು ಇಂಗ್ಲೆಂಡಿನ ಟಾಲ್ಬಟ್ ಎಂಬವನದು. ೧೮೪೦ರ ಸೆಪ್ಟೆಂಬರಿನಲ್ಲಿ ಅವನು, ಬರಿಯ ಕಾಗದದಂತೆ ಕಾಣುತ್ತಿದ್ದ ಹಾಳೆಯ ಮೇಲೆ ಗ್ಯಾಲಿಕ್ ಆಮ್ಲವೂ ಬೆಳ್ಳಿಯ ಲವಣವೂ ಸೇರಿದ ದ್ರವವನ್ನು ಸವರಿದಾಗ ಚಿತ್ರ ಮೇಲೇಳುವುದನ್ನು ಕಂಡನು. ಹೀಗೆ ದೊರೆತುದು ಕಪ್ಪುಬಿಳುಪುಗಳು ತಿರುಗುಮುರುಗಾದ ನೆಗೆಟಿವ್, ಎಂದರೆ ಮೂಲಫಲಕ. ಅದನ್ನು ಇನ್ನೊಂದು ಬೆಳ್ಳಿಯ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಯಥಾರ್ಥವಾದ ಪ್ರತಿ ಮೂಡುತ್ತಿದ್ದಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ವ್ಯಂಜಕದ ಅಗತ್ಯವಿದ್ದುದು ಮೂಲಫಲಕಕ್ಕೆ ಮಾತ್ರ. ಪ್ರತಿಯು ಬಿಸಿಲಿನಲ್ಲಿಯೇ ಕಣ್ಣೆದುರಿಗೆ ಕಪ್ಪಾಗುತ್ತಿದ್ದಿತು. ಚೌಕಟ್ಟಿನ ಹಿಂಬದಿಯ ಒಂದು ಪಕ್ಕವನ್ನು ತೆರೆದು ನೋಡಿ, ಸಾಕೆನಿಸಿದಾಗ ತೆಗೆಯುವುದು. ಪ್ರತಿ ತೆಗೆಯುವುದರಲ್ಲಿ ಕಣ್ಣೊಂದೇ ಪ್ರಮಾಣವಾಗಿದ್ದ ಕಾಲ ಅದು.

ಆ ಕಾಲದ ಅತ್ಯುತ್ತಮ ನಿದರ್ಶನಗಳಲ್ಲಿ ಒಂದು ಕನ್ನಡ ನಾಡಿಗೆ ಸಂಬಂಧಪಟ್ಟಿದೆ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪ್ ೧೮೫೪ರ ಡಿಸೆಂಬರಿನಲ್ಲಿ ಹಳೆಯಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. ಮರುವರ್ಷ ಬರ್ಮಾ ದೇಶಕ್ಕೆ ಹೋಗಿ ತಂದ ಮೂಲಫಲಕಗಳಿಂದ ಬೆಂಗಳೂರಿನಲ್ಲಿ ಕುಳಿತು ಪ್ರತಿ ತೆಗೆಯಿಸಿದನು. ಒಂದು ಕಟ್ಟಿಗೆ ೧೨೦ ಚಿತ್ರಗಳಂತೆ ೫೦ ಕಟ್ಟುಗಳು, ಒಟ್ಟಿಗೆ ೬,೦೦೦ ಪ್ರತಿಗಳು. ಎಲ್ಲವೂ ಬಿಸಿಲಿನಲ್ಲಿ ಒಂದೊಂದಾಗಿ ನೋಡಿ ತೆಗೆದವು. ಮೋಡದ ದಿನ ಕೆಲಸವಿಲ್ಲ. ೧೮೫೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಅಧಿಷ್ಠಾನದಲ್ಲಿರುವ ಶಾಸನಗಳನ್ನು ಚಿತ್ರಿಸಿ, ೨೧ ಪ್ರತಿಗಳನ್ನು ಸಾಲಾಗಿ ಅಂಟಿಸಿ, ಸುಮಾರು ೧೯ ಅಡಿ ಉದ್ದದ ಒಂದೇ ಸುರುಳಿಯಾಗಿ ಮಾಡಿದನು. ಶಾಸನಗಳನ್ನು ಓದುವವರು ಈ ಕೆಲಸದ ಬೆಲೆಯನ್ನು ಬಲ್ಲರು. ಒಂದು ಹಾಳೆ ಕಪ್ಪಗೂ ಪಕ್ಕದ್ದು ಬೆಳ್ಳಗೂ ಆದರೆ ಸಾಲು ಕೂಡಿಕೊಂಡರೂ ಕಲ್ಲು ಕೂಡಿಕೊಳ್ಳುವುದಿಲ್ಲ. ಇಪ್ಪತ್ತೊಂದು ಹಾಳೆಗಳನ್ನು ಒಂದೇ ಹದಕ್ಕೆ ತರುವುದಕ್ಕೆ ಅಲ್ಲಿದ್ದ ಸಾಧನ ಕಣ್ಣು ಮತ್ತು ಸಹನೆ.

ಪ್ರತಿಗೂ ವ್ಯಂಜಕವನ್ನು ಉಪಯೋಗಿಸಿದರೆ ಬಿಸಿಲಿನ ಹಂಗು ತಪ್ಪುವುದೆಂದು ಮೊದಲು ಕಂಡು ಅದನ್ನು ವ್ಯಾಪಾರಕ್ಕೆ ತಂದವನು ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್. ೧೮೫೧ರಲ್ಲಿ ಲಿಲ್ ಪಟ್ಟಣದ ಬಳಿ ಅವನು ಸ್ಥಾಪಿಸಿದ ಕಾರ್ಯಾಲಯದಲ್ಲಿ ಕಾಗದಕ್ಕೆ ಸ್ವಲ್ಪ ಹೊತ್ತು ಮಾತ್ರ ಬೆಳಕು ತಾಗಿಸಿ, ಉಳಿದುದನ್ನು ಗ್ಯಾಲಿಕ್ ಆಮ್ಲಕ್ಕೆ ಬಿಡುತ್ತಿದ್ದರು. ಮಾಕ್ಸೀಮ್ ದ್ಯುಕಾಂ ಎಂಬವನ ಈಜಿಪ್ಟ್ ಪ್ರವಾಸದ ೧೨೫ ಚಿತ್ರಗಳ ಸಂಪುಟವು ೧೮೫೨ರಲ್ಲಿ ಅಲ್ಲಿಂದಲೇ ಹೊರಬಂದಿತು. ಆ ಪ್ರತಿಗಳ ತಣ್ಣನೆಯ ಬೂದುಬಣ್ಣವನ್ನು ಅಂದಿನವರು ಮೆಚ್ಚಲಿಲ್ಲ. ಬಿಸಿಲಿನ ಪ್ರತಿಗಳ ಕೆಂಗಂದು ಬಣ್ಣಕ್ಕೆ ಅವರ ಕಣ್ಣು ಒಗ್ಗಿಹೋಗಿದ್ದಿತು. ಕಾರ್ಯಾಲಯವು ೧೮೫೫ರಲ್ಲಿ ಮುಚ್ಚಿತು. ಅನಂತರ ಜಿಲೆಟಿನ್ ಲೇಪದ ಬ್ರೋಮೈಡ್ ಕಾಗದ ಬಂದು ನೆಲೆನಿಂತುದು ೧೮೮೦ರ ದಶಕದಲ್ಲಿ. ೧೮೯೩ರಲ್ಲಿ ಬೇಕ್‌ಲಂಡ್ ಅಮೆರಿಕದಲ್ಲಿ ವೆಲಾಕ್ಸ್ ಎಂಬ ಕ್ಲೋರೈಡ್ ಕಾಗದವನ್ನು ಹೊರತಂದನು. ಅನಿಲದೀಪದ ಬೆಳಕಿನಲ್ಲಿಯೇ ಕೆಲಸ ಮಾಡಬಹುದಾದ ಈ ಕಾಗದವು ವ್ಯಂಜಕದಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತಿದ್ದಿತು. ದಿನವೆಲ್ಲ ಬಿಸಿಲನ್ನು ಕಾಯುತ್ತಿದ್ದ ಕಸುಬು ಈಗ ಕ್ಷಣಗಳನ್ನು ಎಣಿಸಬೇಕಾಯಿತು.

ಇಷ್ಟು ಹೊತ್ತಿಗೆ ಮೂಲಫಲಕದ ವಿಷಯದಲ್ಲಿ ದೊಡ್ಡ ವಾದ ಹುಟ್ಟಿದ್ದಿತು. ಅಂದಿನ ಕುಶಲಿಗಳು ಪೈರೋ ಎಂಬ ವ್ಯಂಜಕವನ್ನು ಬಳಸುತ್ತಿದ್ದರು. ಕೆಂಪು ದೀಪದ ಮುಂದೆ ಫಲಕವನ್ನು ತಟ್ಟೆಯಲ್ಲಿ ಅಲುಗಿಸುತ್ತ, ಬಿಂಬ ಬೇಗ ಎದ್ದರೆ ಬ್ರೋಮೈಡಿನ ತೊಟ್ಟು, ತಡವಾದರೆ ಕ್ಷಾರದ ತೊಟ್ಟು ಹಾಕಿ, ಬೆಳಕು ಕೊಟ್ಟುದರಲ್ಲಿ ಆದ ತಪ್ಪನ್ನೆಲ್ಲ ತಿದ್ದಬಹುದೆಂದು ನಂಬಿದ್ದರು. ಇದು ನಮ್ಮ ವೈದ್ಯರ ಸ್ನೇಹಪಾಕದ ಕ್ರಮವನ್ನು ನೆನಪಿಗೆ ತರುತ್ತದೆ. ತೈಲ ಘೃತಗಳ ಪಾಕವನ್ನು ಮೃದು, ಮಧ್ಯ, ಖರವೆಂದು ವಿಂಗಡಿಸಿ, ಕಲ್ಕವನ್ನು ಬೆರಳಿನಲ್ಲಿ ಬತ್ತಿಯಂತೆ ಹೊಸೆದು ನೋಡಿ ಹದವನ್ನು ತಿಳಿಯುವವನಿಗೆ ಗಳಿಗೆಯ ಲೆಕ್ಕ ಬೇಕಿಲ್ಲ. ಆದರೆ ವೈದ್ಯನಿಗೆ ಲಕ್ಷಣಗಳು ಶಾಸ್ತ್ರದಲ್ಲಿ ಹೇಳಲ್ಪಟ್ಟಿವೆ. ಕತ್ತಲೆಕೋಣೆಯ ಕುಶಲಿಗೆ ಇದ್ದುದು ಗುರುಪರಂಪರೆಯೂ ಅಲ್ಲ, ಗುಟ್ಟು ಮಾತ್ರ.

ಈ ಗುಟ್ಟನ್ನು ಪರೀಕ್ಷೆಗೆ ಒಡ್ಡಿದವರು ಇಬ್ಬರು. ಇಂಗ್ಲೆಂಡಿನ ವಿಡ್ನೆಸ್ ಎಂಬಲ್ಲಿಯ ಕ್ಷಾರದ ಕಾರ್ಖಾನೆಯಲ್ಲಿ ಸ್ವಿಟ್ಸರ್ಲೆಂಡಿನ ಫರ್ಡಿನಾಂಡ್ ಹರ್ಟರ್ ರಸಾಯನಜ್ಞನಾಗಿಯೂ ವೀರೋ ಡ್ರಿಫೀಲ್ಡ್ ಯಂತ್ರಶಿಲ್ಪಿಯಾಗಿಯೂ ಇದ್ದರು. ಕಾರ್ಖಾನೆಯ ಕೆಲಸ ಮುಗಿದ ಮೇಲೆ ಇವರು ಫಲಕಗಳಿಗೆ ಮೇಣದಬತ್ತಿಯ ಬೆಳಕನ್ನು ಅಳೆದು ಕೊಟ್ಟು, ಮೂಡಿದ ಕಪ್ಪನ್ನೂ ಅಳೆದು, ಎರಡಕ್ಕೂ ಇರುವ ಸಂಬಂಧವನ್ನು ರೇಖೆಯಾಗಿ ಬರೆದರು. ೧೮೯೦ರ ಮೇ ತಿಂಗಳಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರವಿಷ್ಟು: ವ್ಯಂಜಕದಲ್ಲಿ ಕಾಲ ಹೆಚ್ಚಿದಂತೆ ಎಲ್ಲ ಕಪ್ಪುಗಳೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಆದುದರಿಂದ ಚಿತ್ರದಲ್ಲಿ ಬೆಳಕು ನೆರಳುಗಳ ಅಂತರವನ್ನು ಒಟ್ಟಾಗಿ ಹೆಚ್ಚಿಸಬಹುದು, ಕುಗ್ಗಿಸಬಹುದು. ಮುಖವನ್ನು ಬಿಟ್ಟು ಆಕಾಶವನ್ನು ಮಾತ್ರ, ಮರವನ್ನು ಬಿಟ್ಟು ನೀರನ್ನು ಮಾತ್ರ ಬದಲಾಯಿಸುವುದು ವ್ಯಂಜಕದಿಂದ ಆಗದು. ಬ್ರೋಮೈಡಿನ ಪರಿಣಾಮದ ವಿಷಯದಲ್ಲಿ ಅವರ ಮಾತು ತುಸು ಅತಿಯಾಗಿದ್ದಿತೆಂದು ಆಮೇಲೆ ತಿಳಿದುಬಂದರೂ ಮುಖ್ಯ ಸಿದ್ಧಾಂತ ನಿಂತಿತು.

ಇದರಿಂದ ಅತ್ಯಂತ ನೊಂದವನು ಪೀಟರ್ ಹೆನ್ರಿ ಎಮರ್ಸನ್. ೧೮೮೯ರಲ್ಲಿ ಅವನು ಒಂದು ಗ್ರಂಥವನ್ನು ಬರೆದು, ಛಾಯಾಚಿತ್ರವು ಕಲೆಯೆಂದೂ ಚಿತ್ರಕಾರನಂತೆ ಛಾಯಾಗ್ರಾಹಿಯೂ ಛಾಯೆಗಳ ತಾರತಮ್ಯವನ್ನು ತನ್ನ ಇಚ್ಛೆಯಂತೆ ನಡೆಸಬಲ್ಲನೆಂದೂ ಸಾಧಿಸಿದ್ದನು. ವಿಡ್ನೆಸಿನ ಪ್ರಬಂಧವನ್ನು ಓದಿದ ಮೇಲೆ, ಗ್ರಂಥ ಹೊರಬಂದು ಎರಡು ವರ್ಷ ತುಂಬುವ ಮೊದಲೇ, ಕಪ್ಪು ಅಂಚಿನ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ ತನ್ನ ಸಿದ್ಧಾಂತವು ಸತ್ತಿತೆಂದು ತಾನೇ ಸಾರಿದನು. ಪೂರ್ವಪಕ್ಷಕ್ಕೆ ಸೋತು ಸ್ವಮತವನ್ನು ಬಿಟ್ಟ ಪಂಡಿತರ ಕಥೆಗಳು ನಮ್ಮಲ್ಲಿ ಹಲವಿವೆ. ಆದರೆ ತನ್ನ ಮತಕ್ಕೆ ತಾನೇ ಸೂತಕದ ಪತ್ರವನ್ನು ಅಚ್ಚು ಹಾಕಿಸಿದವರು ವಿರಳ. ಅವನ ಪ್ರಾಮಾಣಿಕತೆಯನ್ನು ಮೆಚ್ಚತಕ್ಕದ್ದೇ. ತರ್ಕವನ್ನು ಮಾತ್ರ ಒಪ್ಪುವಂತಿಲ್ಲ. ವೀಣೆಯ ಮೆಟ್ಟಿಲುಗಳು ಸ್ಥಿರವಾಗಿವೆಯೆಂದು ವೈಣಿಕನಿಗೆ ಸ್ವಾತಂತ್ರ್ಯವಿಲ್ಲವೆನ್ನಲಾದೀತೆ?

ಕಾಲವು ನಿಯಾಮಕವೆಂದ ಮೇಲೆ ಉಷ್ಣದ ಲೆಕ್ಕ ತಪ್ಪದು. ಉಷ್ಣ ಹೆಚ್ಚಿದಂತೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುವ ಕ್ರಮವನ್ನು ಹಾಲೆಂಡಿನ ವಾಂಟ್ ಹಾಫ್ ೧೮೮೪ರಲ್ಲಿಯೇ ನಿರೂಪಿಸಿದ್ದನು. ವ್ಯಂಜಕಗಳಲ್ಲಿ ಈ ಹೆಚ್ಚಳ ಎಲ್ಲಕ್ಕೂ ಸಮನಲ್ಲ. ೧೦ ಡಿಗ್ರಿ ಉಷ್ಣ ಏರಿದರೆ ಮೆಟಾಲ್ ಎಂಬ ವ್ಯಂಜಕದ ವೇಗ ಸುಮಾರು ಒಂದೂಕಾಲು ಪಟ್ಟು ಆಗುತ್ತದೆ. ಹೈಡ್ರೋಕ್ವಿನೋನಿನದು ಎರಡು ಪಟ್ಟಿಗೂ ಮೀರುತ್ತದೆ. ಹೈಡ್ರೋಕ್ವಿನೋನು ೧೨–೧೩ ಡಿಗ್ರಿಗಿಂತ ಕೆಳಗೆ ಹೆಚ್ಚು ಕಡಿಮೆ ನಿದ್ರೆಹೋಗುತ್ತದೆ. ಕಾಗದಕ್ಕೆ ಇಂದಿಗೂ ಬಳಸುವ ವ್ಯಂಜಕಗಳಲ್ಲಿ ಹಲವು ಇವೆರಡನ್ನೂ, ಅಥವಾ ಮೆಟಾಲಿಗೆ ಬದಲಾಗಿ ಅದರ ಜಾತಿಯ ಇನ್ನೊಂದನ್ನು, ಕೂಡಿಸಿ ಮಾಡಿದವು. ಮೊದಲನೆಯದು ಬಿಂಬವನ್ನು ಬೇಗ ಎಬ್ಬಿಸುತ್ತದೆ. ಎರಡನೆಯದು ಕಪ್ಪನ್ನು ತುಂಬುತ್ತದೆ. ಕೂಡಿದಾಗ ಎರಡರ ಬಿಡಿ ಶಕ್ತಿಗಳ ಮೊತ್ತಕ್ಕಿಂತ ಹೆಚ್ಚು ಕೆಲಸ ನಡೆಯುತ್ತದೆ. ತಣ್ಣನೆಯ ದ್ರವದಲ್ಲಿ ಮೆಟಾಲು ದುಡಿದು ಹೈಡ್ರೋಕ್ವಿನೋನು ಹಿಂದೆ ಬೀಳುವುದರಿಂದ ಪ್ರತಿಯು ಬೂದಿ ಹಚ್ಚಿದಂತೆ ನಿಸ್ತೇಜವಾಗುತ್ತದೆ. ಉಷ್ಣವನ್ನು ಬದಲಾಯಿಸುವುದೆಂದರೆ ಬರಿಯ ವೇಗವನ್ನಲ್ಲ, ದ್ರವದ ಸ್ವಭಾವವನ್ನೇ ಬದಲಾಯಿಸುವುದು. ಉಷ್ಣವನ್ನು ಒಂದೆಡೆ ನಿಲ್ಲಿಸಬೇಕೆಂಬ ವಿಧಿಗೆ ಇದೇ ಮೂಲ. ಮೊದಲು ೬೫ ಫಾರೆನ್‌ಹೀಟ್ ಡಿಗ್ರಿಯನ್ನೂ ಆಮೇಲೆ ೬೮ನ್ನೂ, ಎಂದರೆ ಸೆಂಟಿಗ್ರೇಡಿನ ೨೦ನ್ನು, ಪ್ರಮಾಣವಾಗಿ ಇಟ್ಟುಕೊಂಡರು.

ಉಷ್ಣಮಾಪಕವಿಲ್ಲದೆಯೇ ಈ ತೊಡಕನ್ನು ದಾಟುವ ಉಪಾಯವನ್ನು ಹೇಳಿದವನು ಹೆರೆಫರ್ಡಿನ ಆಲ್‌ಫ್ರೆಡ್ ವಾಟ್‌ಕಿನ್ಸ್. ಇಂಗ್ಲೆಂಡಿನ ಪುರಾತನ ದಾರಿಗಳು ನೇರವಾದ ರೇಖೆಗಳೆಂದು ೧೯೨೫ರಲ್ಲಿ ಪುಸ್ತಕ ಬರೆದು ಪುರಾತತ್ವಜ್ಞರ ಟೀಕೆಗೆ ಗುರಿಯಾದವನೂ ಇವನೇ. ಛಾಯಾಚಿತ್ರದಲ್ಲಿ ಅವನ ಬುದ್ಧಿ ಹೆಚ್ಚು ಹಿಡಿತದಲ್ಲಿದ್ದಿತು. ೧೮೯೦ರ ದಶಕದಲ್ಲಿ ಅವನು ಹೇಳಿದುದಿಷ್ಟು: ಫಲಕವನ್ನು ದ್ರವದಲ್ಲಿಟ್ಟ ಕ್ಷಣದಿಂದ ಬಿಂಬದ ಮೊದಲ ಕುರುಹು ಕಾಣುವವರೆಗಿನ ಕಾಲವನ್ನು ಎಣಿಸಿ, ಅದನ್ನು ಆಯಾ ವ್ಯಂಜಕಕ್ಕೆ ಗೊತ್ತಾದ ಒಂದು ಸಂಖ್ಯೆಯಿಂದ ಗುಣಿಸಿದರೆ ಪೂರ್ಣಕಾಲ ದೊರೆಯುತ್ತದೆ. ಹೈಡ್ರೋಕ್ವಿನೋನಿಗೆ ಗುಣಕ ಸುಮಾರು ೫. ಮೆಟಾಲಿಗೆ ಸುಮಾರು ೩೦. ಒಂದರಲ್ಲಿ ಕುರುಹು ೬೦ ಸೆಕೆಂಡಿಗೆ, ಇನ್ನೊಂದರಲ್ಲಿ ೧೦ ಸೆಕೆಂಡಿಗೆ ಕಂಡರೆ ಎರಡಕ್ಕೂ ಪೂರ್ಣಕಾಲ ಐದೇ ನಿಮಿಷ. ದ್ರವ ತಣ್ಣಗಾದರೆ ಕುರುಹೂ ತಡವಾಗುತ್ತದೆ, ಗುಣಲಬ್ಧವೂ ತಾನಾಗಿ ಬೆಳೆಯುತ್ತದೆ. ಕಣ್ಣಿಗೆ ಒಂದೇ ಒಂದು ಸಾಕ್ಷ್ಯವನ್ನು ಕೇಳಿ, ತೀರ್ಪನ್ನು ಗಡಿಯಾರಕ್ಕೆ ಒಪ್ಪಿಸಿದ ಈ ವಿಧಾನವು ಪ್ರತ್ಯಕ್ಷ ಅನುಮಾನಗಳ ಸುಂದರವಾದ ಸಂಧಿ. ಆದರೆ ವ್ಯಾಪ್ತಿಯಲ್ಲಿ ಒಂದು ದೋಷವುಂಟು. ಮಿಶ್ರವ್ಯಂಜಕದಲ್ಲಿ ಕುರುಹನ್ನು ತೋರಿಸುವವನು ಮೆಟಾಲು, ಕೆಲಸವನ್ನು ಮುಗಿಸುವವನು ಹೈಡ್ರೋಕ್ವಿನೋನು. ಚಳಿಗೆ ಮೊದಲನೆಯವನು ಹೆಚ್ಚು ಅಂಜುವುದಿಲ್ಲ. ಆದುದರಿಂದ ಉಷ್ಣವು ಬಹಳ ಇಳಿದಾಗ ಕುರುಹು ಸುಳ್ಳುಸಾಕ್ಷಿಯಾಗುತ್ತದೆ.

ಮೂಲಫಲಕದ ಮಟ್ಟಿಗೆ ವಾದವನ್ನು ಮುಗಿಸಿದುದು ತರ್ಕವಲ್ಲ, ಒಂದು ಹೊಸ ಫಲಕ. ೧೯೦೬ರಲ್ಲಿ ಕ್ರಾಯ್ಡನ್ನಿನ ರಾಟನ್ ಮತ್ತು ವೈನ್‌ರೈಟ್ ಸಂಸ್ಥೆಯವರು ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೋಮ್ಯಾಟಿಕ್ ಫಲಕವನ್ನು ಮಾರಾಟಕ್ಕೆ ತಂದರು. ಕೆಂಪು ದೀಪವೂ ಅದನ್ನು ಕೆಡಿಸುತ್ತದೆ. ನೋಡುವಂತೆಯೇ ಇಲ್ಲವೆಂದ ಮೇಲೆ ನೋಡಿ ನಿರ್ಣಯಿಸುವುದೆಲ್ಲಿ? ಆ ವರ್ಷವೇ ಆ ಸಂಸ್ಥೆಯನ್ನು ಸೇರಿದ ಮೀಸ್, ತನ್ನ ಜೊತೆಗಾರ ಶೆಪರ್ಡನೊಡನೆ ಲಂಡನ್ನಿನಲ್ಲಿ ವ್ಯಂಜಕಗಳ ವೇಗವನ್ನೂ ಉಷ್ಣದ ಪರಿಣಾಮವನ್ನೂ ಶೋಧಿಸಿದ್ದವನು. ಇಬ್ಬರ ಗ್ರಂಥ ೧೯೦೭ರಲ್ಲಿ ಹೊರಬಂದಿತು.

ಕಾಗದದ ಕಥೆ ಬೇರೆ. ಕಾಗದವನ್ನು ಇಂದಿಗೂ ಮಬ್ಬಾದ ಕೆಂಪು ಅಥವಾ ಕಿತ್ತಳೆಯ ದೀಪದಲ್ಲಿಯೇ ತೊಳೆಯುತ್ತಾರೆ; ಬಿಂಬ ಏಳುವುದು ಕಾಣುತ್ತದೆ. ಆದುದರಿಂದ ಕಣ್ಣಿನ ಆಳ್ವಿಕೆ ಅಲ್ಲಿ ಉಳಿಯಿತು. ಅದರೊಡನೆ ಅದರ ಭ್ರಾಂತಿಯೂ ಉಳಿಯಿತು. ಆ ದೀಪದಲ್ಲಿ ಪ್ರತಿಯು ಇರುವುದಕ್ಕಿಂತ ಕಪ್ಪಗೆ ತೋರುತ್ತದೆ. ಸಾಕೆಂದು ತಟ್ಟನೆ ತೆಗೆದರೆ, ಬಿಳಿಯ ಬೆಳಕಿಗೆ ಬಂದಾಗ ಕಪ್ಪಿರಬೇಕಾದ ಕಡೆ ಮಣ್ಣಿನ ಬಣ್ಣ, ನಡುವೆ ಕಲೆಗಳು. ಒದ್ದೆ ಆರಿದ ಮೇಲೆ ಮತ್ತೆ ಸ್ವಲ್ಪ ಕಪ್ಪಾಗುವುದು ಇನ್ನೊಂದು ತೊಡಕು. ಒಂದೇ ಪ್ರತಿಗೆ ಮೂರು ಅವಸ್ಥೆಗಳಲ್ಲಿ ಮೂರು ರೂಪ.

ಇಲ್ಲಿ ಅನೇಕರು ಎಡವುವ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕಾಲದ ನಿಯಮವು ಮೂಲಫಲಕದಿಂದ ಕಾಗದಕ್ಕೆ ಬಂದಿತಾದರೂ ಅದರ ಅರ್ಥ ದಾರಿಯಲ್ಲಿ ಬದಲಾಯಿತು. ಮೂಲಫಲಕದಲ್ಲಿ ಕಾಲ ಹೆಚ್ಚಿದಂತೆ ಬೆಳಕು ನೆರಳುಗಳ ಅಂತರ ಹೆಚ್ಚುತ್ತ ಹೋಗುತ್ತದೆ. ಅಲ್ಲಿ ಕಾಲವೇ ಕರ್ತೃವಿನ ಕೈಯ ಆಯುಧ. ಕಾಗದದ ಲೇಪ ತೆಳು. ನಾರಿನ ಕಾಗದವು ೨೦ ಡಿಗ್ರಿಯಲ್ಲಿ ಸುಮಾರು ಎರಡು ನಿಮಿಷದಲ್ಲಿ, ಈಚಿನ ರಾಳಲೇಪದ ಕಾಗದವು ಸುಮಾರು ಒಂದು ನಿಮಿಷದಲ್ಲಿ ತನ್ನ ಪೂರ್ಣವಾದ ಕಪ್ಪನ್ನು ಮುಟ್ಟುತ್ತದೆ. ಆಮೇಲೆ ಕಾಲವನ್ನು ಬೆಳೆಸಿದರೆ ಅಂತರ ಹೆಚ್ಚು ಬದಲಾಗದು. ಬೆಳಕನ್ನೇ ತುಸು ಹೆಚ್ಚು ಕೊಟ್ಟಂತೆ ಇಡೀ ಚಿತ್ರ ಜರುಗುತ್ತದೆ, ಕೊನೆಗೆ ಮಂಜು ಕವಿಯುತ್ತದೆ. ಆದುದರಿಂದ ಕಾಗದದಲ್ಲಿ ಕಾಲ ಉಷ್ಣಗಳನ್ನು ಹಿಡಿದು ನಿಲ್ಲಿಸುವುದು ಅವುಗಳಿಂದ ಚಿತ್ರವನ್ನು ತಿದ್ದುವುದಕ್ಕಲ್ಲ, ಅವು ಚಿತ್ರವನ್ನು ತಿದ್ದದಂತೆ ಮಾಡುವುದಕ್ಕೆ. ದ್ರವವು ಪ್ರತಿಸಲವೂ ಒಂದೇ ಬಗೆಯಾಗಿ ನಡೆದುಕೊಂಡರೆ ಮಾತ್ರ ಎರಡು ಪ್ರತಿಗಳ ನಡುವಣ ವ್ಯತ್ಯಾಸವು ಬೆಳಕಿನ ವ್ಯತ್ಯಾಸದಿಂದ ಬಂದುದೆಂದು ತಿಳಿಯಬಹುದು. ಎಷ್ಟು ಬೆಳಕು, ಯಾವ ಅಂತರದ ಕಾಗದ, ಎಲ್ಲಿ ಕೈಯನ್ನು ಅಡ್ಡಹಿಡಿದು ನೆರಳನ್ನು ಉಳಿಸಬೇಕು — ಈ ನಿರ್ಣಯಗಳು ಕಣ್ಣಿನವೇ. ಕಣ್ಣು ತಟ್ಟೆಯ ಮೇಲಿನ ಅಧಿಕಾರವನ್ನು ಬಿಟ್ಟುಕೊಟ್ಟು, ಬಿಳಿಯ ಬೆಳಕಿನಲ್ಲಿ ಒಣಗಿದ ಪ್ರತಿಯನ್ನು ನೋಡುವ ಅಧಿಕಾರವನ್ನು ಉಳಿಸಿಕೊಂಡಿತು. ವಾಟ್‌ಕಿನ್ಸನ ಗುಣಕವೂ ಕಾಗದದಲ್ಲಿ ಬದುಕಿತು. ಅಮೆರಿಕದ ಆನ್ಸೆಲ್ ಆಡಮ್ಸ್ ೧೯೮೩ರ ತನ್ನ ಗ್ರಂಥದಲ್ಲಿ, ಒಂದೇ ಚಿತ್ರದ ಹಲವು ಪ್ರತಿಗಳನ್ನು ತೆಗೆಯುವಾಗ ದ್ರವವು ಸೊರಗುವುದನ್ನೂ ತಣ್ಣಗಾಗುವುದನ್ನೂ ಸರಿದೂಗಿಸುವುದಕ್ಕೆ ಅದನ್ನೇ ವಿಧಿಸಿದ್ದಾನೆ.

ಈ ನಿಯಮಗಳೆಲ್ಲ ಚಳಿಯ ದೇಶದಲ್ಲಿ ಹುಟ್ಟಿದವು. ಅಲ್ಲಿ ಕಷ್ಟ ದ್ರವವನ್ನು ೨೦ ಡಿಗ್ರಿಗೆ ಏರಿಸುವುದು. ಬಳ್ಳಾರಿ ಕಲಬುರಗಿಗಳ ವೈಶಾಖದಲ್ಲಿ ಕಷ್ಟ ಅಲ್ಲಿಗೆ ಇಳಿಸುವುದು. ಬಿಸಿನೀರಿನಲ್ಲಿ ಜಿಲೆಟಿನ್ ಊದಿ, ಮೆತ್ತಗಾಗಿ, ಅಂಚಿನಲ್ಲಿ ಸುಕ್ಕುಗಟ್ಟಿ ಏಳುತ್ತದೆ. ಇದಕ್ಕೆ ವ್ಯಂಜಕದಲ್ಲಿ ಸೋಡಿಯಂ ಸಲ್ಫೇಟನ್ನು ಕೂಡಿಸಿ ಊತವನ್ನು ತಡೆಯುವುದು, ಕ್ರೋಮ್ ಪಟಿಕದಲ್ಲಿ ಅದ್ದಿ ಗಟ್ಟಿಮಾಡುವುದು, ತಟ್ಟೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಇಡುವುದು, ಇರುಳಿನಲ್ಲಿ ಕೆಲಸ ಮಾಡುವುದು ಎಂಬ ಉಪಾಯಗಳು ಬಂದುವು. ಮಂಜುಗಡ್ಡೆಯನ್ನು ದ್ರವದೊಳಕ್ಕೇ ಹಾಕುವವರೂ ಉಂಟು. ಅದು ಕರಗಿ ದ್ರವವನ್ನು ತೆಳ್ಳಗೆ ಮಾಡುವುದರಿಂದ ಒಂದು ದೋಷವನ್ನು ತೆಗೆಯಲು ಹೋಗಿ ಎರಡನ್ನು ತಂದುಕೊಂಡಂತೆ.

ಶಾಸನಗಳ ಚಿತ್ರಗಳನ್ನು ಕೂಡಿಡುವವರಿಗೆ ಈ ವಿಷಯ ಕೇವಲ ಕುಶಲಿಗಳ ಗೊಡವೆಯಲ್ಲ. ಸವೆದ ಕಲ್ಲಿನಲ್ಲಿ ಒತ್ತಕ್ಷರದ ಕೊಂಬಿಗೂ ಕಲ್ಲಿನ ಬಿರುಕಿಗೂ ಇರುವ ಭೇದವು ಎರಡು ಬೂದುಬಣ್ಣಗಳ ಭೇದ. ಅವಸರದಲ್ಲಿ ತೆಗೆದ ಪ್ರತಿಯಲ್ಲಿ ಆ ಎರಡೂ ಒಂದಾಗುತ್ತವೆ. ಮಂಜು ಕವಿದ ಪ್ರತಿಯಲ್ಲಿ ಸೊನ್ನೆಯ ನಡುವಣ ಬಿಳುಪು ತುಂಬಿ ಅದು ಬರಿಯ ಕಲೆಯಾಗುತ್ತದೆ. ಒಂದೇ ಮೂಲಫಲಕದ ಎರಡು ಪ್ರತಿಗಳನ್ನು ನೋಡಿದ ಇಬ್ಬರು ವಿದ್ವಾಂಸರು ಎರಡು ಪಾಠಗಳನ್ನು ಸಾಧಿಸಿ ಜಗಳವಾಡುವುದಕ್ಕೆ ಇಷ್ಟು ಸಾಕು. ಹಳೆಯ ಸಂಗ್ರಹಗಳಲ್ಲಿ ಪ್ರತಿಯೊಡನೆ ಮೂಲಫಲಕವನ್ನೂ ಉಳಿಸಿಕೊಂಡಿರಬೇಕೆನ್ನುವುದು ಈ ಕಾರಣದಿಂದ.

ಇನ್ನು ಎಮರ್ಸನ್ನನ ವಿಷಯ ಸ್ವಲ್ಪ ಉಳಿದಿದೆ. ೧೮೯೯ರಲ್ಲಿ ತನ್ನ ಗ್ರಂಥದ ಮೂರನೆಯ ಮುದ್ರಣವನ್ನು ಹೊರತಂದಾಗ ಅವನು ಕೊನೆಯ ಅಧ್ಯಾಯವನ್ನು ಬದಲಾಯಿಸಿ, ಛಾಯಾಚಿತ್ರವು ಕಲೆಯಲ್ಲವೆಂದೇ ಬರೆದನು. ಆ ಮತವನ್ನು ಬಿಡಲಿಲ್ಲ. ಹರ್ಟರ್ ಅದಕ್ಕೆ ಹಿಂದಿನ ವರ್ಷ ತೀರಿಕೊಂಡಿದ್ದನು. ಎಮರ್ಸನ್ನನ ಹೆಸರನ್ನು ನಿಲ್ಲಿಸಿದುದು ೧೮೮೬ರ ನಾರ್ಫಕ್ ಸರೋವರಗಳ ಸಂಪುಟ. ಅದರ ೪೦ ಪ್ರತಿಗಳೂ ಬೆಳ್ಳಿಯವಲ್ಲ, ಪ್ಲಾಟಿನಂ ಕಾಗದದವು. ಆ ಕಾಲದಲ್ಲಿ ಪ್ಲಾಟಿನಂ ಕಾಗದಕ್ಕೆ ವ್ಯಂಜಕವಾಗಿದ್ದುದು ಕಾಯಿಸಿದ ಪೊಟ್ಯಾಸಿಯಂ ಆಕ್ಸಲೇಟಿನ ದ್ರವ. ಬಿಂಬವು ಅದರಲ್ಲಿ ಮುಳುಗಿದೊಡನೆ ಪೂರ್ತಿಯಾಗಿ ಏಳುತ್ತದೆ. ಕಾಲದ ಎಣಿಕೆಗೆ ಅಲ್ಲಿ ಎಡೆಯಿಲ್ಲ. ಉಷ್ಣ ಮಾತ್ರ ಮಾತಾಡುತ್ತದೆ: ದ್ರವ ಬಿಸಿಯಾದಷ್ಟೂ ಕಪ್ಪು ಕಂದಿನ ಕಡೆಗೆ ತಿರುಗುತ್ತದೆ.